ಸಿಸ್ಟರಮ್ಮ ಆರಿಸಿದ ಮೂರು ಪ್ಲೇಟು

ಸಿಸ್ಟರಮ್ಮನವರು ಗ್ರಾಮಫೋನ್ ಪ್ಲೇಟಿಗೆ ಬೆರಳು ತಾಗಿಸುತ್ತಿರಲಿಲ್ಲ. ಎರಡೂ ಅಂಗೈಗಳ ನಡುವೆ ಅಂಚನ್ನಷ್ಟೇ ಒತ್ತಿ ಹಿಡಿದು, ಹಂಚಿನ ಮೇಲಿಂದ ಬಿಸಿ ರೊಟ್ಟಿ ಎತ್ತಿದಂತೆ ಎತ್ತುತ್ತಿದ್ದರು. ವರ್ಷಗಟ್ಟಲೆ ತೊಳೆದು ತೊಳೆದು ಬಿಳಚಿಕೊಂಡ ಬೆರಳುಗಳು ಆಗ ಗಾಳಿಯಲ್ಲಿ ಸೆಟೆದು ನಿಂತಿರುತ್ತಿದ್ದವು. ಮುಳ್ಳು ಪ್ಲೇಟಿಗೆ ತಾಗಿ ಹಾಡು ಹೊರಟ ಮೇಲೆಯೇ ಅವರು ಉಸಿರು ಬಿಡುವುದು.

ಬೀದರಿನ ಮಿಶನ್ ಕಾಂಪೌಂಡಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಆಸ್ಪತ್ರೆಯಲ್ಲಿ ಹೆಡ್ ನರ್ಸ್, ಮದುವೆಯಾಗಿರಲಿಲ್ಲ. ತಮ್ಮ ದೇಶಕ್ಕೆ ಮರಳಿದ ಡಾಕ್ಟರಮ್ಮನೊಬ್ಬರು ಎರಡು ಪ್ಲೇಯರ್, ಒಂದು ಪೆಟ್ಟಿಗೆ ತುಂಬ ಜಾಝ್ ಪ್ಲೇಟುಗಳನ್ನು ಅವರಿಗೆ ಬಿಟ್ಟುಹೋಗಿದ್ದರು. ಭಾನುವಾರ ಚರ್ಚಿನಲ್ಲಿ ಕಣ್ಣು ಮುಚ್ಚಿ ಕೀರ್ತನೆ ಹಾಡುವವರು ಉಳಿದ ದಿನ ಡ್ಯೂಟಿ ಮುಗಿಸಿ ಬಂದು ಇದೇನು ಹಚ್ಚಿಕೊಂಡು ಕೂಡುತ್ತಾರೆ ಎಂದು ಕಾಂಪೌಂಡಿಗೆಲ್ಲ ಬೆರಗು. ನಮ್ಮವ್ವ ಅದಕ್ಕೆ ‘ತಗಡಿನ ಅಂಗಡಿ’ ಎಂದು ಹೆಸರಿಟ್ಟಿದ್ದಳು. ಸಿಸ್ಟರಮ್ಮ ಸಿಟ್ಟಾಗುತ್ತಿರಲಿಲ್ಲ.

“ಒಬ್ಬಾಕಿನೇ ಕುಂತು ಉಂಡರ ರುಚಿ ಹತ್ತಂಗಿಲ್ಲರಿ. ಜೋಡಿ ಕುಂತು ಕೇಳವರು ಒಬ್ಬರರ ಬೇಕು” ಎನ್ನುತ್ತಿದ್ದರು. ನಾನು ಹೋಗಿ ಕೂಡುತ್ತಿದ್ದೆ ನಿಜ, ಆದರೆ ಬಿಸ್ಕತ್ತಿನ ಆಸೆಗೆ. ಅದು ಅವರಿಗೂ ಗೊತ್ತಿತ್ತು.

ಬರ ಬಿದ್ದ ವರ್ಷಗಳಲ್ಲಿ ಒಂದು ಬೇಸಿಗೆ, ಠಾಣಾ ಕುಶನೂರದಿಂದ ಅವರ ತಮ್ಮ ಬಂದ. ಬಡಿಗತನದವನು. ಮಳೆಯಿಲ್ಲದ ಊರಲ್ಲಿ ಹೊಸ ಮನೆ ಕಟ್ಟುವವರಿಲ್ಲ, ಬಾಗಿಲು ಮಾಡಿಸುವವರೂ ಇಲ್ಲ. ಪುಣೆಗೆ ಹೋಗುವ ಗುಂಪು ಹೊರಡುವವರೆಗೆ ಅಕ್ಕನ ಮನೆಯಲ್ಲಿ ಉಳಿದ. ಮಾತು ಕಡಿಮೆ. ಅಕ್ಕ ಪ್ಲೇಟು ಹಚ್ಚಿದರೆ ಎದ್ದು ಕಟ್ಟೆಗೆ ಹೋಗಿ ಕೂಡುತ್ತಿದ್ದ.

ಒಂದು ಮಧ್ಯಾಹ್ನ ಅವರು ಟ್ರಂಪೆಟ್ಟಿನ ಪ್ಲೇಟೊಂದನ್ನು ಹಚ್ಚಿದ್ದರು. ಅದು ಜಗಳಕ್ಕೆ ನಿಂತವರ ಹಾಗೆ ಕೂಗಿ, ಏದುಸಿರು ಬಿಟ್ಟು, ಕೊನೆಗೆ ಅಳುವಂಥದು. ನನಗಂತೂ ಹೆದರಿಕೆಯಾಗುತ್ತಿತ್ತು. ಕಟ್ಟೆಯ ಮೇಲಿದ್ದ ತಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತ.

“ಅಕ್ಕಾ, ಇದು ಮತ್ತೊಮ್ಮಿ ಹಚ್ಚು.”

ಸಿಸ್ಟರಮ್ಮನ ಮುಖ ನೋಡಬೇಕಿತ್ತು. ಅಷ್ಟು ವರ್ಷ ಕಾದದ್ದು ಒಡಹುಟ್ಟಿದವನ ರೂಪದಲ್ಲೇ ಬಂದು ನಿಂತಿತ್ತು. ಮರುದಿನವೇ ತೀರ್ಮಾನವಾಯಿತು: ಸಣ್ಣ ಪ್ಲೇಯರ್ ತಮ್ಮನಿಗೆ, ಜೊತೆಗೆ ಮೂರು ಪ್ಲೇಟು ಕಾಣಿಕೆ.

ಆ ಮೂರನ್ನು ಆರಿಸಲು ವಾರವಿಡೀ ಹೆಣಗಾಡಿದರು. ನನ್ನನ್ನು ಎದುರಿಗೆ ಕೂಡಿಸಿಕೊಂಡು ಒಂದೊಂದೇ ಹಚ್ಚುವುದು, ನನ್ನ ಮುಖ ನೋಡುವುದು. “ನಿನಗ ಏನೂ ತಿಳ್ಯಂಗಿಲ್ಲ. ಅದಕೇ ನೀನೇ ಬೇಕು” ಎಂದು ಚುಡಾಯಿಸುವುದು. ನಾನು ಮುಖ ಕಿವುಚಿದ್ದೆಲ್ಲ ಹಿಂದಕ್ಕೆ ಸರಿಯಿತು. ಉಳಿದವು ಮೆಲ್ಲಗಿನ ಪಿಯಾನೊ, ಜೋಗುಳದಂಥ ಸ್ಯಾಕ್ಸೊಫೋನ್, ಹಗುರಾದ ಹಾಡುಗಾರಿಕೆ. ಟ್ರಂಪೆಟ್ಟಿನದು ಪೆಟ್ಟಿಗೆಯಲ್ಲೇ ಉಳಿಯಿತು.

“ಅವರು ಕೇಳಿದ್ದು ಅದೇ ಅಲ್ಲರಿ?” ಎಂದೆ.

“ಹೊಟ್ಟಿ ಆಪರೇಶನ್ ಆದವರಿಗಿ ಮೊದಲ ಏನ್ ಕೊಡ್ತೇವಿ? ಗಂಜಿ. ಆಮ್ಯಾಲ ಮೆತ್ತನ ಅನ್ನ. ರೊಟ್ಟಿ ಕಡೀಕ. ಹೊಸದಾಗಿ ಕೇಳವರಿಗಿನೂ ಹಂಗ. ಮೊದಲೇ ಖಾರದ್ದು ಕೊಟ್ಟರ ಮುಂದ ಮುಟ್ಟಂಗಿಲ್ಲ ನೋಡು.”

ವಾರ್ಡಿನಲ್ಲಿ ಎಷ್ಟೋ ಜೀವ ಉಳಿಸಿದ ಕ್ರಮ ಅದು. ಅದು ತಪ್ಪೀತು ಎಂದು ಅವರಿಗೆ ಹೊಳೆಯಲೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಚೀಲ ಬಿಚ್ಚಿದ ತಮ್ಮ ಮೂರನ್ನೂ ನೋಡಿ, “ಅದು?” ಎಂದ. “ಅದು ಕ್ರಿಸ್‌ಮಸ್ಸಿಗಿ ಬಂದಾಗ. ಇಬ್ಬರೂ ಕೂಡಿ ಕೇಳೋಣ” ಎಂದರು ಸಿಸ್ಟರಮ್ಮ. ಅವನು ನಕ್ಕು ತಲೆಯಾಡಿಸಿ ಬಸ್ಸು ಹತ್ತಿದ.

ಕ್ರಿಸ್‌ಮಸ್ಸಿಗೆ ಅವನು ಬರಲಿಲ್ಲ. ಅದಕ್ಕೂ ಮೊದಲೇ ಪುಣೆಯಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡಿದ್ದ. ಸುದ್ದಿ ತಲುಪುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ಹೊಸ ವರ್ಷ ಕಳೆದು, ಅವನ ಜೊತೆ ಕೆಲಸ ಮಾಡುತ್ತಿದ್ದ ಚಿಂತಾಕಿ ಊರಿನ ಒಬ್ಬಾತ ಪ್ಲೇಯರ್, ಪ್ಲೇಟು ಎಲ್ಲ ಅರಿವೆಯಲ್ಲಿ ಸುತ್ತಿಕೊಂಡು ತಂದುಕೊಟ್ಟ.

“ಕೇಳ್ತಿದ್ನೇನ್ರಿ?” ಎಂದರು ಸಿಸ್ಟರಮ್ಮ.

“ಕೇಳ್ತಿದ್ದರಿ. ಈ ಮೂರೂ ಛಲೋ ಅವ, ಆದರ ನಮ್ಮಕ್ಕನ ಕಡಿ ಇನ್ನೊಂದು ಅದ, ಅದು ನನ್ನ ಎದಿ ಒಳಗ ಹೊಕ್ಕದ, ಊರಿಗಿ ಹೋದ ಕೂಡ್ಲೇ ಅದೇ ಕೇಳ್ತೇನಿ ಅಂತಿದ್ದರಿ.”

ಅವನಿಗೆ ಚಹಾ ಕೊಟ್ಟು ಕಳಿಸಿದರು. ಆಮೇಲೆ ಆ ಟ್ರಂಪೆಟ್ಟಿನ ಪ್ಲೇಟು ತೆಗೆದು, ಬಾಗಿಲು ತೆರೆದಿಟ್ಟು, ದೊಡ್ಡದಾಗಿ ಹಚ್ಚಿದರು. ಕಾಂಪೌಂಡಿನವರೆಲ್ಲ ಹೊರಗೆ ಬಂದು ನಿಂತರು. ತಗಡಿನ ಅಂಗಡಿ ಎನ್ನುತ್ತಿದ್ದ ನಮ್ಮವ್ವನೂ ಅವತ್ತು ಕೊನೆಯವರೆಗೂ ನಿಂತು ಕೇಳಿದಳು. ಮುಗಿದ ಮೇಲೆ ಸಿಸ್ಟರಮ್ಮ ನನ್ನ ಕಡೆ ತಿರುಗಿದರು.

“ಅವ ಪೇಶಂಟ್ ಇದ್ದಿದ್ದಿಲ್ಲ. ಹಸದು ಬಂದವಗ ನಾ ಯಾಕ ಗಂಜಿ ಕೊಟ್ಟೆ?”

ನನಗೆ ಅಳು ಬಂತು.

ಬಿಸ್ಕತ್ತಿಗಾಗಿ ಕೂಡುತ್ತಿದ್ದವಳು ಯಾವಾಗಲೋ ಹಾಡಿಗಾಗಿ ಕೂಡತೊಡಗಿದ್ದೆ. ಮದುವೆಯಾಗಿ ಭಾಲ್ಕಿಗೆ ಹೊರಟಾಗ ನಾಚಿಕೆ ಬಿಟ್ಟು ಕೇಳಿದೆ, “ನನಗೂ ಒಂದೆರಡು ಆರಿಸಿ ಕೊಡ್ರಿ.”

ಪೆಟ್ಟಿಗೆಯನ್ನೇ ನನ್ನ ಕಡೆ ದೂಡಿದರು. “ಎಲ್ಲಾ ತಗೊಂಡು ಹೋಗು. ಆರಿಸೋದು ನನ್ನ ಕೈಲೆ ಆಗಂಗಿಲ್ಲ.”

“ಒಂದಾದರೂ ಆರಸ್ರಿ.”

ತಲೆ ಅಲ್ಲಾಡಿಸಿದರು. ಅದರ ಮರುವರ್ಷ ಅವರೂ ತೀರಿಹೋದರು. ಜಾಝ್ ಕೇಳುವ ಕಿವಿ ನನಗೆ ಬಂದದ್ದು ಅವರಿಂದ, ಪೆಟ್ಟಿಗೆಯೂ ನನ್ನ ಮನೆಯಲ್ಲೇ ಇದೆ. ಅದರ ತುಂಬ ಪ್ಲೇಟುಗಳಿವೆ, ನನಗೆಂದು ಅವರು ತೆಗೆದುಕೊಟ್ಟದ್ದು ಒಂದೂ ಇಲ್ಲ.