ಘಾಫ್ ಕಾಡಿನ ಬೆಂಕಿ ಗೋಪುರವನ್ನು ಬಿಚ್ಚಿದ ಬೇಸಿಗೆ

2013ರಲ್ಲಿ ನಾನು ಅಬುಧಾಬಿಯ ಪಶ್ಚಿಮ ಭಾಗದ ಮದೀನತ್ ಜಾಯೆದ್‌ನಲ್ಲಿದ್ದೆ. ಮರಳಿನಲ್ಲಿ ನೆಟ್ಟು ಬೆಳೆಸಿದ ಕಾಡುಗಳನ್ನು ನೋಡಿಕೊಳ್ಳುವ ಗುತ್ತಿಗೆ ನಮ್ಮ ಕಂಪನಿಯದು. ನಾನು ಅಲ್ಲಿ ಮೆಂಟೆನೆನ್ಸ್ ಎಂಜಿನಿಯರ್. ಪಂಪು, ಪೈಪು, ಬೇಲಿ, ಶೆಡ್ಡು, ಅಂದರೆ ಮರವೊಂದನ್ನು ಬಿಟ್ಟು ಕಾಡಿನಲ್ಲಿದ್ದ ಉಳಿದೆಲ್ಲವೂ ನನ್ನ ಜವಾಬ್ದಾರಿ. ಹೆಂಡತಿ, ಮಗಳು ದುಬೈನ ಅಲ್ ನಹ್ದಾದ ಫ್ಲ್ಯಾಟಿನಲ್ಲಿದ್ದರು. ಗುರುವಾರ ಸಂಜೆ ಅಲ್ಲಿಗೆ ಹೊರಡುವುದು, ಶನಿವಾರ ಸಂಜೆ ವಾಪಸು ಬರುವುದು. ವರ್ಷಗಟ್ಟಲೆ ಹೀಗೆ ಓಡಾಡಿ ನನಗೆ ಸಾಕಾಗಿಹೋಗಿತ್ತು.

ಮರುಭೂಮಿಯಲ್ಲಿ ಕಾಡು ಎಂದರೆ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಅದು ಸಾಲು ಹಿಡಿದು ನೆಟ್ಟ ಘಾಫ್ ಮರಗಳ ಕಾಡು. ಘಾಫ್ ಎಂದರೆ ಬೇರೇನಲ್ಲ, ನಮ್ಮ ಬನ್ನಿ ಮರವೇ. ಪ್ರತಿ ಮರದ ಬುಡಕ್ಕೂ ಕೊಳವೆಬಾವಿಯಿಂದ ಹನಿ ನೀರಾವರಿಯ ಪೈಪು ಇತ್ತು. ಒಳಗೆ ಬಿಟ್ಟಿದ್ದ ಜಿಂಕೆಗಳು ಹೊರಹೋಗದಂತೆ ಸುತ್ತಲೂ ಎತ್ತರದ ತಂತಿಬೇಲಿ ಹಾಕಿದ್ದರು. ಒಳಗೆ ಹೋಗಿ ಬರಲು ಇದ್ದದ್ದು ಒಂದೇ ದೊಡ್ಡ ಗೇಟು. ಕಾಡಿನ ನಡುವೆ ಸುಣ್ಣಕಲ್ಲಿನ ಒಂದು ಬೋಳು ಗುಡ್ಡವಿತ್ತು. ಅದರ ನೆತ್ತಿಯ ಮೇಲೆ ನಾಲ್ಕು ಕಾಲಿನ ಕಬ್ಬಿಣದ ಗೋಪುರ, ಗೋಪುರದ ತುದಿಯಲ್ಲಿ ತಗಡಿನ ಕೋಣೆ. ಬೆಂಕಿ ಬಿದ್ದರೆ ದೂರದಿಂದಲೇ ಹೊಗೆ ಕಾಣಲಿ ಎಂದು ಕಟ್ಟಿದ್ದು ಅದು.

ಆ ಗೋಪುರದ ಕಥೆ ನನಗೆ ಗೊತ್ತಾದದ್ದು ಡೆನಿಸ್ ಅವರಿಂದ. ಶಿರ್ವದ ಕೊಂಕಣಿ ಕ್ರೈಸ್ತರು, ನೀರಾವರಿಯ ಫೋರ್‌ಮನ್. ನಾನು ಕಾರ್ಕಳದವನು, ನಮ್ಮ ಕಡೆಯ ರೂಢಿಯಂತೆ ಅವರನ್ನು ಪೊರ್ಬುಗಳೇ ಎನ್ನುತ್ತಿದ್ದೆ, ಅವರು ನನ್ನನ್ನು ಶೆಟ್ರೇ ಎನ್ನುತ್ತಿದ್ದರು. ಗೋಪುರ ಎಬ್ಬಿಸಿದಾಗ ಅವರು ಅಲ್ಲಿ ಪೈಪ್ ಹೊರುವ ಹೆಲ್ಪರ್. "ಆಗ ಮರ ನಮ್ಮ ಮೊಣಕಾಲಿನಷ್ಟು ಇದ್ದದ್ದಷ್ಟೇ ಮಾರ್ರೆ. ಬೆಂಕಿ ನೋಡ್ಲಿಕ್ಕೆ ಗೋಪುರ ಅಂತ ನಾವೆಲ್ಲ ನಗಾಡಿದ್ದೆವು," ಎಂದು ಹೇಳುತ್ತಿದ್ದರು. ಮೊದಲು ಅದರಲ್ಲಿ ಕೂರುತ್ತಿದ್ದವನು ಇದ್ರೀಸ್ ಎಂಬ ಸುಡಾನಿ. ಹೊಗೆ ಕಂಡರೆ ಅವನು ಖಾಲಿ ಡ್ರಮ್ಮು ಬಡಿಯುತ್ತಿದ್ದನಂತೆ. ಅವನ ನಂತರ ಒಬ್ಬ ಪಠಾಣ ವೈರ್‌ಲೆಸ್ ಸೆಟ್ ಹಿಡಿದು ಕುಳಿತ. ಮರಗಳು ಬೆಳೆದು ಗೋಪುರಕ್ಕೆ ನಿಜವಾಗಿ ಕೆಲಸ ಬಂದ ಹೊತ್ತಿಗೆ ಮೊಬೈಲ್ ಬಂತು, ಗಸ್ತಿನ ಗಾಡಿಗಳು ಬಂದವು. ಪಠಾಣನನ್ನು ಬೇರೆ ಸೈಟಿಗೆ ಕಳಿಸಿದರು. ಆಮೇಲೆ ಅಲ್ಲಿ ಪಾರಿವಾಳಗಳು ಮಾತ್ರ.

ನಾನು ಹೇಳುವ ಬೇಸಿಗೆಯಲ್ಲಿ ಎಲ್ಲರೂ ದಣಿದಿದ್ದೆವು. ಕೊಳವೆಬಾವಿಗಳ ನೀರು ಉಪ್ಪಾಗುತ್ತಿತ್ತು. ಕಾಡಿನ ಕೆಲವು ಬ್ಲಾಕುಗಳಿಗೆ ನೀರು ನಿಲ್ಲಿಸಿ ಎಂದು ಆದೇಶ ಬಂದಿತ್ತು. ಊರಿಗೆ ಹೋದ ಕೆಲಸಗಾರರ ಜಾಗಕ್ಕೆ ಹೊಸಬರು ಬರುತ್ತಿರಲಿಲ್ಲ. ನೀರು ನಿಂತ ಬ್ಲಾಕುಗಳಲ್ಲಿ ಮರಗಳು ನಿಂತಲ್ಲೇ ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದವು. ಅವುಗಳ ಕೆಳಗೆ ಒಣಹುಲ್ಲು. ಅದೇ ಸಮಯದಲ್ಲಿ ಕಂಪನಿಯವರು ಕಾಡಿನಲ್ಲಿ ಕ್ಯಾಮೆರಾಗಳನ್ನು ಹಾಕಿ, ಗೋಪುರವನ್ನು ಬಿಚ್ಚಿ ತೆಗೆಯಲು ನನಗೆ ಹೇಳಿದರು. ಆದೇಶ ತಪ್ಪೆಂದು ಹೇಳುವಂತಿರಲಿಲ್ಲ. ಗೋಪುರದ ಎರಡು ಕಾಲುಗಳ ಬುಡ ತುಕ್ಕು ಹಿಡಿದಿತ್ತು. ಏಣಿ ಹತ್ತುವವರು ಬೀಳದಂತೆ ತಡೆಯುವ ಸುತ್ತುಕಂಬಿಯೂ ಇರಲಿಲ್ಲ.

ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ ಕೆಲಸ ಶುರುಮಾಡಿದೆವು. ಕೋಣೆಯ ತಗಡುಗಳನ್ನೆಲ್ಲ ಕಳಚಿ ಇಳಿಸಿಯಾಗಿತ್ತು. ಕ್ರೇನ್ ಇನ್ನೂ ಬಂದಿರಲಿಲ್ಲ. ಯಾವ ಜೋಡಣೆಯನ್ನು ಮೊದಲು ಕತ್ತರಿಸಬೇಕೆಂದು ಗುರುತು ಹಾಕಲು ನಾನು ಸೇಫ್ಟಿ ಬೆಲ್ಟ್ ಕಟ್ಟಿಕೊಂಡು ಮೇಲೆ ಹತ್ತಿದ್ದೆ. ವಾಯವ್ಯದಿಂದ ಶಮಾಲ್ ಗಾಳಿ ಎದ್ದು ಕಾಡಿನ ಮೇಲೆ ಹಳದಿ ಧೂಳು ಹರಡಿತ್ತು. ಆಗಲೇ ಮಗಳ ಫೋನ್ ಬಂತು. "ಅಪ್ಪಾ, ಆರ್ ಯು ಕಮಿಂಗ್ ಟುಡೇ ಆರ್ ನಾಟ್?" ಬರುತ್ತೇನೆ ಎಂದು ಹೇಳಿ ಫೋನನ್ನು ಜೇಬಿಗೆ ಹಾಕುವಾಗ ಧೂಳಿನೊಳಗೆ ಇನ್ನೊಂದು ಬಣ್ಣ ಕಂಡಿತು. ವಾಯವ್ಯದ ಬೇಲಿಯ ಹತ್ತಿರ, ನೀರು ನಿಂತ ಬ್ಲಾಕಿನಲ್ಲಿ, ಕಪ್ಪು ಹೊಗೆ.

ಕ್ಯಾಂಪಿನಲ್ಲಿದ್ದ ನಮ್ಮ ಕ್ಯಾಮೆರಾ ರೂಮಿಗೆ ಫೋನ್ ಮಾಡಿದೆ. "ಸರ್, ಸಬ್ ಧೂಲ್ ಹೈ, ಕುಛ್ ನಹೀಂ ದಿಖ್ತಾ," ಎಂದ ಅಲ್ಲಿದ್ದವನು. ಅವನ ಪರದೆಯ ಮೇಲೆ ಬರೀ ಧೂಳು. ಸಿವಿಲ್ ಡಿಫೆನ್ಸಿನ ಅಗ್ನಿಶಾಮಕದವರಿಗೆ ತಿಳಿಸಲು ಅವನಿಗೇ ಹೇಳಿದೆ. ಹಾಗೆ ಹೇಳುವಾಗಲೇ ನೆನಪಾಯಿತು: ಬೆಳಿಗ್ಗೆ ಒಂದು ವಾಲ್ವ್ ಮುಚ್ಚಿ ಬರುತ್ತೇನೆಂದು ಡೆನಿಸ್ ಅದೇ ದಿಕ್ಕಿಗೆ ಹೋಗಿದ್ದರು, ಜೊತೆಗೆ ರಮ್ಜಾನ್ ಎಂಬ ಬಂಗಾಳಿ ಕೆಲಸಗಾರನೂ ಇದ್ದ.

ಡೆನಿಸ್ ತಕ್ಷಣ ಫೋನ್ ಎತ್ತಿದರು. ಹೊಗೆ ಅವರ ಮೂಗಿಗೂ ತಾಕಿತ್ತು.

"ಶೆಟ್ರೇ, ಎಂತದೂ ಕಾಣ್ತಾ ಇಲ್ಲ. ನಾನು ಗಾಡಿ ತಗೊಂಡು ಗೇಟಿನ ಕಡೆ ಹೊರಟೆ."

ಬೆಂಕಿ ಅವರ ಹಿಂದೆ, ಗೇಟು ಅವರ ಮುಂದೆ. ನೆಲದ ಮೇಲಿದ್ದವರು ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಆದರೆ ಮೇಲಿನಿಂದ ನನಗೆ ಕಾಣುತ್ತಿದ್ದದ್ದು ಬೇರೆ. ಬೆಂಕಿಯ ಒಂದು ನಾಲಗೆ ಒಣಹುಲ್ಲಿನ ಸಾಲು ಹಿಡಿದು, ಅವರ ದಾರಿಯ ಎಡಪಕ್ಕದಲ್ಲೇ, ಅವರಿಗಿಂತ ಮುಂದೆ ಓಡುತ್ತಿತ್ತು. ಗೇಟಿಗೆ ತಿರುಗುವ ತಿರುವನ್ನು ಅದು ಅವರಿಗಿಂತ ಮೊದಲೇ ಮುಟ್ಟುವುದು ಖಂಡಿತವಾಗಿತ್ತು. ಅವರ ಬಲಕ್ಕೆ, ಸ್ವಲ್ಪ ಹಿಂದೆ, ಒಣಗಿದ ಮರಗಳನ್ನು ಹಿಂದಿನ ವರ್ಷವೇ ಕಿತ್ತು ಖಾಲಿ ಮಾಡಿದ್ದ ಬ್ಲಾಕ್ ಇತ್ತು. ಅಲ್ಲಿ ಬರೀ ಮರಳು. ಸುಡಲು ಏನೂ ಇಲ್ಲ.

"ಪೊರ್ಬುಗಳೇ, ಗೇಟಿಗೆ ಹೋಗ್ಬೇಡಿ. ಹಿಂದೆ ತಿರುಗಿ. ಮರ ಕಿತ್ತ ಬ್ಲಾಕಿಗೆ ಬನ್ನಿ."

"ಹಿಂದೆಯಾ? ಹೊಗೆ ಇರುವುದೇ ಹಿಂದೆ! ಬೆಂಕಿಯ ಬಾಯಿಗೆ ಹೋಗ್ಲಿಕ್ಕೆ ಹೇಳ್ತೀರಲ್ಲ ಮಾರ್ರೆ!"

"ನನಗೆ ಮೇಲಿಂದ ಕಾಣ್ತದೆ. ನಿಮ್ಮ ಮುಂದೆ ದಾರಿ ಮುಚ್ತಾ ಉಂಟು. ನನ್ನ ಮಾತು ಕೇಳಿ."

ಅವರು ಫೋನ್ ಇಡಲಿಲ್ಲ. ಎಂಜಿನಿನ ಸದ್ದು, ರಮ್ಜಾನನ ಕೆಮ್ಮು ಕೇಳುತ್ತಿದ್ದವು. ಆಮೇಲೆ ಗಾಡಿ ತಿರುಗಿಸುವ ಸದ್ದು, ಚಕ್ರ ಸುಮ್ಮನೆ ತಿರುಗುವ ಸದ್ದು. ಪಿಕಪ್ ಮರಳಿನಲ್ಲಿ ಹೂತುಹೋಗಿತ್ತು.

"ಗಾಡಿ ಬಿಟ್ಟುಬಿಡಿ. ಇಳಿದು ನಡೀರಿ. ಗೇಟಿಗೆ ಬೆನ್ನು ಹಾಕಿ ಎಡಕ್ಕೆ, ಪೈಪಿನ ಸಾಲು ಹಿಡಿದು ಬನ್ನಿ."

"ಸಾಯ್ಬಾ ದೇವಾ!" ಎಂದು ಡೆನಿಸ್ ಕೊಂಕಣಿಯಲ್ಲಿ ದೇವರನ್ನು ಕರೆದದ್ದು ಕೇಳಿಸಿತು. ಅಷ್ಟಕ್ಕೇ ಫೋನ್ ನಿಂತುಹೋಯಿತು. ಮರುಕ್ಷಣವೇ ಹೊಗೆ ಆ ಜಾಗವನ್ನೆಲ್ಲ ಮುಚ್ಚಿತು. ಎಷ್ಟು ಸಲ ಫೋನ್ ಮಾಡಿದರೂ ಉತ್ತರವಿಲ್ಲ.

ಆ ಕಾಯುವಿಕೆಯನ್ನು ಹೇಗೆ ವಿವರಿಸಲಿ? ತಲೆಯ ಮೇಲೆ ತಗಡಿಲ್ಲ. ಬಿಸಿಲಿಗೆ ಕಬ್ಬಿಣ ಮುಟ್ಟಲಾಗದಷ್ಟು ಕಾದಿತ್ತು. ಗಾಳಿಗೆ ಗೋಪುರ ಒಂದೇ ಸಮನೆ ನಡುಗುತ್ತಿತ್ತು. ಗೇಟಿನ ದಾರಿ ನಾನು ಹೇಳಿದಂತೆಯೇ ಮುಚ್ಚಿತು. ತಿರುವಿನಲ್ಲಿ ಮರಗಳು ಹೊತ್ತಿಕೊಂಡದ್ದನ್ನು ಕಣ್ಣಾರೆ ಕಂಡೆ. ಆದರೂ ಸಮಾಧಾನವಾಗಲಿಲ್ಲ. ನೇರವಾಗಿ ಓಡಿದ್ದರೆ ತಪ್ಪಿಸಿಕೊಳ್ಳುತ್ತಿದ್ದರೋ ಏನೋ, ನಾನೇ ಅವರನ್ನು ಹೊಗೆಯೊಳಗೆ ಕಳಿಸಿದೆನೋ ಏನೋ ಎಂದು ಮತ್ತೆ ಮತ್ತೆ ಯೋಚಿಸುತ್ತಿದ್ದೆ. ಕೆಳಗಿದ್ದ ಕೆಲಸಗಾರರು ಇಳಿಯಿರಿ ಎಂದು ಕೂಗುತ್ತಿದ್ದರು. ಇಳಿದರೆ ನೋಡುವವರು ಯಾರೂ ಇರಲಿಲ್ಲ.

ಹೊಗೆ ಒಮ್ಮೆ ಸೀಳಿತು. ಬೋಳು ಮರಳಿನ ನಡುವೆ ಎರಡು ಸಣ್ಣ ಆಕೃತಿಗಳು. ಒಬ್ಬ ಕುಳಿತಿದ್ದ. ಇನ್ನೊಬ್ಬ ತಲೆಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಬಿಚ್ಚಿ, ಗುಡ್ಡದ ಕಡೆ ಮುಖಮಾಡಿ, ಬೀಸುತ್ತಿದ್ದ. ನಾನೂ ಕೈ ಬೀಸಿದೆ. ಅಷ್ಟು ದೂರಕ್ಕೆ ನಾನು ಕಾಣುವುದಿಲ್ಲ ಎಂದು ಗೊತ್ತಿದ್ದರೂ ಬೀಸುತ್ತಲೇ ಇದ್ದೆ.

ಅಗ್ನಿಶಾಮಕದವರು ಬಂದ ಮೇಲೆ, ಬೆಂಕಿ ಯಾವ ಕಡೆ ಹೊರಳಿತೆಂದು ಅವರಿಗೆ ಫೋನಿನಲ್ಲಿ ಹೇಳುತ್ತಾ ಬಿಸಿಲು ಇಳಿಯುವವರೆಗೂ ಮೇಲೆಯೇ ಉಳಿದೆ. ಸಂಜೆಗೆ ಬೆಂಕಿ ಆರಿತು. ಎರಡು ಬ್ಲಾಕಿನ ಮರಗಳು ಹೋದವು. ಪಿಕಪ್ ಸುಟ್ಟು ಕರಕಲಾಗಿತ್ತು. ಬೆಂಕಿ ಹೇಗೆ ಹತ್ತಿತೆಂಬುದು ಕೊನೆಗೂ ತಿಳಿಯಲಿಲ್ಲ.

ಅಗ್ನಿಶಾಮಕದವರು ಕರೆತಂದ ಮೇಲೆ ಡೆನಿಸ್ ಗೋಪುರದ ಬುಡದಲ್ಲಿ ಕುಳಿತು ಮಜ್ಜಿಗೆಯ ಬಾಟಲಿ ಹಿಡಿದುಕೊಂಡಿದ್ದರು. ಕುಡಿಯುತ್ತಿರಲಿಲ್ಲ. ಹುಬ್ಬಿನ ಕೂದಲು ಸುಟ್ಟಿತ್ತು. ಓಡುವಾಗ ಫೋನ್ ಕೈಜಾರಿ ಬಿದ್ದಿತಂತೆ. ಅವರು ಕೇಳಿದ್ದು ಒಂದೇ ಮಾತು: "ಇದನ್ನು ಬಿಚ್ಚುವುದು ಬೇಡ ಅಂತ ಕಂಪನಿಯವರಿಗೆ ಹೇಳ್ತೀರಾ ಶೆಟ್ರೇ?"

ಹೇಳಿದೆ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿದ್ದ ನಮ್ಮ ಹೆಡ್ ಆಫೀಸಿಗೆ ಹೋಗಿ, ಲೆಬನಾನಿನ ಮ್ಯಾನೇಜರ್ ಮುಂದೆ ಕುಳಿತು ನಡೆದದ್ದನ್ನೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು, ಕೈಕುಲುಕಿದರು. ಆಮೇಲೆ ಗೋಪುರದ ಬುಡದ ತುಕ್ಕಿನ ಫೋಟೋವನ್ನು ನನ್ನ ಮುಂದಿಟ್ಟರು. ಅದನ್ನು ತೆಗೆದವನು ನಾನೇ. "ಇದರ ಮೇಲೆ ನಾಳೆ ಇನ್ನೊಬ್ಬನನ್ನು ಹತ್ತಿಸುತ್ತೀರಾ?" ಎಂದು ಕೇಳಿದರು. ಎಂಜಿನಿಯರ್ ಆಗಿ ನಾನು ಇಲ್ಲ ಎನ್ನಲೇಬೇಕಾಯಿತು. "ಹಾಗಾದರೆ ಖಲಾಸ್," ಎಂದರು.

ಎದ್ದು ಬಂದುಬಿಡೋಣ ಎನ್ನುವಷ್ಟು ದಣಿವಾಗಿತ್ತು. ಆದರೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಗೋಪುರ ಬೇಡವಾದರೆ ಬೇಡ, ಗಾಳಿ ಬೀಸುವ ತಿಂಗಳುಗಳಲ್ಲಿ ಗುಡ್ಡದ ಮೇಲೆ ಒಬ್ಬ ಮನುಷ್ಯ ಬೇಕು, ಒಳಗೆ ಯಾರು ಯಾರು ಎಲ್ಲೆಲ್ಲಿದ್ದಾರೆಂದು ಅವನಿಗೆ ತಿಳಿದಿರಬೇಕು, ಅದಾಗದೆ ನಾನು ಗೋಪುರಕ್ಕೆ ಕೈ ಹಚ್ಚುವುದಿಲ್ಲ ಎಂದೆ. ಜನ ಕಡಿಮೆ ಇದ್ದಾರೆ ಎಂದರು. ನನಗೂ ಗೊತ್ತಿದೆ ಎಂದೆ. ಕೊನೆಗೆ ಒಪ್ಪಿದರು.

ರಮ್ಜಾನ್‌ಗೆ ಮೊದಲ ಪಾಳಿ. ಗುಡ್ಡದ ನೆತ್ತಿಯಲ್ಲಿ ಒಂದು ಹಳೆಯ ಗಾಡಿ ನಿಲ್ಲಿಸಿ, ದುರ್ಬೀನು ಕೊಟ್ಟು ಕೂರಿಸಿದೆವು. ಗೋಪುರದಷ್ಟು ದೂರ ಅಲ್ಲಿಂದ ಕಾಣುತ್ತಿರಲಿಲ್ಲ. ಆಮೇಲೆ ಕ್ರೇನ್ ತರಿಸಿ ಗೋಪುರವನ್ನು ಬಿಚ್ಚಿದೆವು. ಆ ದಿನ ಡೆನಿಸ್ ಪಂಪ್ ಹೌಸಿನಲ್ಲಿ ಕೆಲಸವಿದೆ ಎಂದು ಹೇಳಿ ಬರಲಿಲ್ಲ. ಮರುವರ್ಷ ಅವರು ಕೆಲಸ ಬಿಟ್ಟು ಊರಿಗೆ ಹೋದರು. ನಾನು ಇನ್ನೂ ನಾಲ್ಕು ವರ್ಷ ಅಲ್ಲೇ ಇದ್ದೆ.

ಬೆಂಕಿ ಎಲ್ಲಿದೆಯೆಂದು ನೋಡುವುದೇ ಕಾವಲು ಎಂದು ಅದುವರೆಗೆ ತಿಳಿದಿದ್ದೆ. ಅದು ಅರ್ಧ ಕೆಲಸ. ಅದರ ಹತ್ತಿರ ಯಾರಿದ್ದಾರೆಂದು ಗೊತ್ತಿರುವುದು ಇನ್ನರ್ಧ. ಆಮೇಲಿನ ನಾಲ್ಕು ವರ್ಷ, ಎಷ್ಟೇ ಸುಸ್ತಾಗಿದ್ದರೂ, ಬೆಳಿಗ್ಗೆ ಕ್ಯಾಂಪಿಗೆ ಕಾಲಿಟ್ಟ ಕೂಡಲೇ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: ಇವತ್ತು ಕಾಡಿನೊಳಗೆ ಯಾರಿದ್ದಾರೆ?