ತೆಂಗಿನ ಸಸಿಗೆ ಹೋದ ಹೊಟ್ಟೆಯ ನೀರು

ನನ್ನ ಕಿಡ್ನಿಗಳು ಕೈಕೊಟ್ಟ ಮೇಲೆ ನಂಜನಗೂಡಿನ ನಮ್ಮ ಮನೆಯ ಒಂದು ಕೋಣೆಯೇ ಆಸ್ಪತ್ರೆಯಾಯಿತು. ಹೊಟ್ಟೆಗೆ ಹಾಕಿದ ನಳಿಕೆಯಿಂದ ಔಷಧದ ನೀರು ಒಳಗೆ ಬಿಡುವುದು, ಕೆಲವು ಗಂಟೆ ಬಿಟ್ಟು ಕಶ್ಮಲದ ಸಮೇತ ಚೀಲಕ್ಕೆ ಇಳಿಸುವುದು. ಹೊಟ್ಟೆಯೊಳಗಿನ ತೆಳು ಪೊರೆಯೇ ಜರಡಿ. ಅದು ಚೆನ್ನಾಗಿರುವವರೆಗೆ ಮನೆಯಲ್ಲೇ ಇರಬಹುದು. ಕೆಟ್ಟರೆ ಮೈಸೂರಿಗೆ ಅಲೆದು ಯಂತ್ರದಲ್ಲಿ ರಕ್ತ ತೊಳೆಸಿಕೊಳ್ಳಬೇಕು. ಬಸ್ಸು ಹತ್ತಿದರೆ ವಾಂತಿ ಮಾಡುವ ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಸೋಂಕು ತಗಲಬಾರದೆಂದು ಬಾಗಿಲು ಹಾಕಿ, ಫ್ಯಾನ್ ಆರಿಸಿ, ಕೈ ತೊಳೆದು ಕೂತರೆ ನಮ್ಮ ನೆಂಟರಿಗೆ ಆಗಲೇ ನನ್ನನ್ನು ನೋಡಬೇಕು. "ಬಾಗ್ಲಾಕ್ಕೊಂಡು ಏನ್ ಮಾಡ್ತಾವ್ನೆ?" ಎಂದು ಕಿಟಕಿಯಲ್ಲಿ ಇಣುಕುತ್ತಾರೆ.

ಆ ಬೆಳಿಗ್ಗೆ ಇಳಿದ ನೀರು ಕದಡಿತ್ತು, ಹೊಟ್ಟೆ ಹಿಂಡುತ್ತಿತ್ತು. ಕದಡಿದರೆ ಆ ಚೀಲವನ್ನೇ ತರಬೇಕೆಂದು ನರ್ಸ್ ಹೇಳಿ ಹೇಳಿ ಕಳಿಸಿದ್ದರು. ಚೀಲವನ್ನು ಬಚ್ಚಲ ಮೂಲೆಯಲ್ಲಿಟ್ಟು ಹೆಂಡತಿ ಆಟೋ ತರಲು ಹೋದಳು. ನಾನು ಶರಟು ಹಾಕಿಕೊಂಡು ಬರುವಷ್ಟರಲ್ಲಿ ಚೀಲ ಖಾಲಿ. ತೊಳೆಸಿಕೊಂಡು ತಂತಿಯಲ್ಲಿ ನೇತಾಡುತ್ತಿದೆ! ನನ್ನ ಆರೈಕೆಗೆಂದು ಮೂಗೂರಿನಿಂದ ಬಂದಿದ್ದ ಅಕ್ಕನ ಕೆಲಸ.

"ಅಕ್ಕಿ ತೊಳ್ದ ಅಕ್ಕಚ್ಚಿನಂಗಿತ್ತು ಕಣ್ಲಾ. ಸುಮ್ನೆ ಯಾಕ್ ಚೆಲ್ಲದು ಅಂತ ತೆಂಗಿನ್ ಸಸಿಗೆ ಉಯ್ದೆ. ಚೀಲ ಒಳ್ಳೆ ಗಟ್ಟಿ ಅದೆ, ಅವರೆಕಾಳು ತುಂಬಿಡಬೋದು."

"ಅದು ನನ್ನೊಟ್ಟೆ ನೀರು ಕಣಕ್ಕಾ! ಟೆಸ್ಟಿಗೆ ಬೇಕಿತ್ತು!"

"ಯೋಳ್ಬೇಕಲ್ವಾ?"

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದರಲ್ಲಿ ಅಕ್ಕ ಎತ್ತಿದ ಕೈ.

ಮೈಸೂರಿನ ಡಾಕ್ಟರು ಚೀಲ ಕೇಳಿದಾಗ ತೆಂಗಿನ ಸಸಿ ಕುಡಿಯಿತು ಎಂದೆ. ಅವರು ನಗಲಿಲ್ಲ. ಮತ್ತೆ ನೀರು ಬಿಟ್ಟು, ಇಳಿಸಿ, ಪರೀಕ್ಷೆಗೆ ಕಳಿಸಿ ಔಷಧ ಶುರುಮಾಡಿದರು. ಆಮೇಲೆ ವಿವರಿಸಿದರು: ಕ್ರಿಮಿ ಹೊಕ್ಕರೆ ಹೊಟ್ಟೆಯ ಜೀವಕೋಶಗಳು ಒಂದು ಬಗೆಯ ರಾಸಾಯನಿಕ ಹೊರಡಿಸಿ ಸಹಾಯಕ್ಕೆ ಕೂಗುತ್ತವೆ, ಆ ಕೂಗಿಗೆ ರಕ್ತದ ಬಿಳಿ ಕಣಗಳು ಓಡಿಬಂದು ಮುತ್ತುತ್ತವೆ, ನೀರು ಕದಡುವುದು ಅವುಗಳಿಂದಲೇ.

"ಆ ಕೂಗು ಬೇಕು. ಆದ್ರೆ ನಿಲ್ಲದೇ ಹೋದ್ರೆ ಪೊರೇನೇ ಹಾಳಾಗುತ್ತೆ" ಎಂದರು.

ಅಂದರೆ ನನ್ನ ಹೊಟ್ಟೆಯೊಳಗೂ ನಮ್ಮ ನೆಂಟರೇ! ಅಕ್ಕ ಫೋನ್ ಮಾಡಿದ್ದೇ ತಡ, ಟಿ. ನರಸೀಪುರದಿಂದ, ಹದಿನಾರು ಎಂಬ ಊರಿನಿಂದ ಟೆಂಪೋ ತುಂಬ ಬಂದು ವಾರ್ಡಿನ ಬಾಗಿಲಿಗೆ ಮುತ್ತಿದ್ದರು. ಗಾಳಿಯೂ ಆಡದಂತೆ ನಿಂತು, ಎಲ್ಲರೂ ಒಟ್ಟಿಗೆ ಧೈರ್ಯ ಹೇಳುತ್ತಿದ್ದರು.

ಕ್ರಿಮಿ ಸತ್ತಿತು, ನೀರು ತಿಳಿಯಾಯಿತು. ಆದರೆ ಪೊರೆ ಮೊದಲಿನಂತೆ ಕೆಲಸ ಮಾಡಲಿಲ್ಲ, ಮೈ ಊದತೊಡಗಿತು. ನಳಿಕೆ ತೆಗೆದು ಯಂತ್ರಕ್ಕೇ ಹೋಗೋಣ ಎಂದರು ಡಾಕ್ಟರು. ನನಗೆ ರೇಗಿತು.

"ಅಕ್ಕ ಆ ನೀರು ಚೆಲ್ಲಿದ್ದಕ್ಕಾ ಸಾ?"

"ಅಲ್ಲ. ನಿಮ್ಮ ದೇಹಾನೇ ಹೋರಾಡ್ತಾ ಹೋರಾಡ್ತಾ ಕೆಡಿಸ್ಕೊಂಡಿದೆ."

ಅಕ್ಕನಿಗೆ ಹಾಗೆಯೇ ಹೇಳಿದೆ. ಅವಳು ನಂಬಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು, "ಸುಮ್ನಿರ್ಬೇಡ ಕಣ್ಲಾ, ನನ್ನಾದ್ರೂ ಬಯ್ಯಿ" ಎಂದಳು.

ಚಿಕ್ಕಂದಿನಿಂದ ಅವಳನ್ನು ಬೈದುಕೊಂಡೇ ಬೆಳೆದವನು ನಾನು. ಅವತ್ತು ಮಾತ್ರ, "ತೆಂಗಿನ್ ಸಸಿ ಹೆಂಗದೆ ಕಣಕ್ಕಾ?" ಎಂದು ಕೇಳಿದೆ.