ಚಪ್ಪಾಳೆ ತಟ್ಟದ ಶಾರದಕ್ಕ

ಶಾರದಕ್ಕ ಯಾರ ಕುಣಿತಕ್ಕೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಮೂಡಿಗೆರೆಯ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಪುಟಾಣಿಗಳು ಕುಣಿದು ಮುಗಿಸಿದಾಗ ಎಲ್ಲರೂ ಎದ್ದು ತಟ್ಟುತ್ತಿದ್ದರೆ, ಇವರು ಎರಡೂ ಕೈಯನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡು ಕೂತಿದ್ದರು. “ಮುಂಬೈ ಜಂಬ” ಎಂದು ಹಿಂದಿನ ಸಾಲಲ್ಲಿ ಯಾರೋ ಗೊಣಗಿದರು. ಮನೆಗೆ ಬರುವಾಗ, ಯಾಕೆ ತಟ್ಟುವುದಿಲ್ಲ ಎಂದು ನಾನೇ ಕೇಳಿಬಿಟ್ಟೆ.

“ನಲವತ್ತು ವರ್ಷ ಪೆನ್ನು ಹಿಡ್ಕೊಂಡು ಕೂತೋಳು ಮಾರಾಯ್ತಿ. ಚಪ್ಪಾಳೆಗೆ ಕೈ ಎಲ್ಲಿ ಖಾಲಿ ಇತ್ತು?” ಎಂದರು.

ಅವರು ಇಲ್ಲೇ ಹತ್ತಿರದ ಜಾವಳಿ ಎಂಬ ಊರಿನ ಕಡೆಯವರು. ಮುಂಬೈಯ ಇಂಗ್ಲಿಷ್ ಪತ್ರಿಕೆಗೆ ನೃತ್ಯ ವಿಮರ್ಶೆ ಬರೆದು, ನಿವೃತ್ತರಾದ ಮೇಲೆ ನಮ್ಮ ಮಹಡಿಗೆ ಬಾಡಿಗೆಗೆ ಬಂದರು. ಊರಿನ ತಮ್ಮ ತೋಟದ ಮನೆಯಲ್ಲಿ ಮನುಷ್ಯರ ನಡಿಗೆ ನೋಡಲು ಸಿಗುವುದಿಲ್ಲ ಎಂಬುದು ಅವರ ದೂರು. ಮೇಲಿಂದ ಬಸ್‌ಸ್ಟ್ಯಾಂಡ್ ನೋಡುತ್ತಾ, “ಆ ಮೇಸ್ತ್ರಿ ಬೆನ್ನು ನೋಡು, ಏನು ನಿಲುವು! ಯಾವ ಗುರು ಕಲ್ಸಿದ್ದು?” ಎನ್ನುತ್ತಿದ್ದರು.

ದೇವರಿಗೆ ದೀಪ ಹಚ್ಚಿ ನಾನು ಪ್ರಸಾದ ಕೊಡಲು ಹೋದರೆ ಬ್ಯಾಲೆಯ ಕತೆ. ಕಾಲ್ಬೆರಳ ತುದಿಯ ಮೇಲೆ ನಿಲ್ಲುವ ಹುಡುಗಿಯರು, ಗಾಳಿಗೆ ನೆಗೆಯುವ ಹುಡುಗರು. “ನೆಗೆದಾಗ ಎಲ್ರೂ ಬಾಯಿ ಬಿಡ್ತಾರೆ. ನಾನು ಇಳಿಯೋದು ನೋಡ್ತಿದ್ದೆ. ವಿದ್ಯೆ ಇರೋದು ಅಲ್ಲಿ.”

ನನ್ನ ಮಗಳು ದೀಪಾ ಭರತನಾಟ್ಯ ಕಲಿಯುತ್ತಿದ್ದಳು. ಚಿಕ್ಕವಳಿದ್ದಾಗ ಜ್ವರದಲ್ಲಿ ಕಣ್ಣೇ ತೆರೆಯದೆ ಮಲಗಿದ್ದವಳು. ಉಳಿಸಿಕೊಟ್ಟರೆ ನವರಾತ್ರಿಯಲ್ಲಿ ನಿನ್ನೆದುರು ಕುಣಿಸುತ್ತೇನೆ ಎಂದು ಅಮ್ಮನವರಿಗೆ ಹರಕೆ ಹೊತ್ತಿದ್ದೆ. ಇನ್ನು ಕುಣಿಯಬಹುದು ಎಂದು ಆ ವರ್ಷ ನಾಟ್ಯದ ಗುರುಗಳು ಒಪ್ಪಿದರು. ಸೇವೆಯ ಹಿಂದಿನ ದಿನ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಅಭ್ಯಾಸ ನಡೆದಾಗ, ಹೊಗಳಿಸಿಕೊಳ್ಳುವ ಆಸೆಯಿಂದ ಶಾರದಕ್ಕನನ್ನು ಕರೆದೆ.

ನೋಡಿ ಮುಗಿಸಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. “ನಾಳೆ ಇವಳನ್ನ ಕುಣಿಸ್ಬೇಡ. ಬಲಗಾಲು ಊರೋ ಮೊದ್ಲು ಉಸಿರು ಹಿಡೀತಾಳೆ. ಮಂಡಿ ನೋವಿದೆ.”

“ಇಲ್ಲಕ್ಕ, ಇದ್ರೆ ಹೇಳ್ತಿದ್ಲು.”

“ಹೇಳಲ್ಲ. ಮುಂಬೈಲಿ ಬ್ಯಾಲೆ ಹುಡುಗಿ ಒಬ್ಳು ನೆಗೆದು ಹೀಗೇ ಇಳಿದ್ಲು. ಮೂಟೆ ಬಿದ್ದ ಹಾಗೆ ಅಂತ ಬರ್ದೆ, ಓದಿದೋರೆಲ್ಲ ನಕ್ರು. ಪಾದದ ಮೂಳೆ ಬಿರುಕು ಬಿಟ್ಟಿತ್ತು ಅಂತ ಆಮೇಲೆ ಗೊತ್ತಾಯ್ತು. ತಂಡದಿಂದ ತೆಗೀತಾರೆ ಅಂತ ಮುಚ್ಚಿಟ್ಟಿದ್ಲು.”

ನನಗೆ ಸಿಟ್ಟು ಬಂತು. “ಇದು ಹರಕೆ ಅಕ್ಕ. ನಿಮ್ಮ ಪೇಪರಿನ ವಿಷ್ಯ ಅಲ್ಲ.”

“ಹರಕೆ ಹೊತ್ತೋಳು ನೀನು. ಮಂಡಿ ಅವಳದ್ದು.”

ಅವರು ಮೇಲೆ ಹೋದ ಮೇಲೆ ದೀಪಾಳನ್ನು ಕೂರಿಸಿ ಕೇಳಿದೆ. ತಲೆ ತಗ್ಗಿಸಿ ಲಂಗ ಸರಿಸಿದಳು. ಮಂಡಿ ಊದಿಕೊಂಡಿತ್ತು. “ನಿನ್ನ ಹರಕೆ ಅಲ್ವಾ ಅಮ್ಮ, ಅದಕ್ಕೇ” ಎಂದಳು. ನನ್ನ ಭಕ್ತಿಯ ಭಾರ ಮಗುವಿನ ಕಾಲಿನ ಮೇಲೆ ಬಿದ್ದಿತ್ತು.

ಅಳುತ್ತಾ ಮಹಡಿ ಹತ್ತಿದೆ. ಅಮ್ಮನವರಿಗೆ ಏನು ಹೇಳಲಿ ಎಂದೆ. “ಕೂತು ಅಭಿನಯ ಮಾಡ್ಲಿ. ಕೈ ಇದೆ, ಕಣ್ಣಿದೆ. ದೊಡ್ಡ ದೊಡ್ಡೋರು ಕೂತೇ ಸಭೆ ಅಳ್ಸಿದ್ದಾರೆ” ಎಂದರು. ಗುರುಗಳಿಗೆ ತಾವೇ ಫೋನ್ ಮಾಡಿದರು.

ಮರುದಿನ ದೇವಸ್ಥಾನದಲ್ಲಿ ದೀಪಾ ಚಾಪೆಯ ಮೇಲೆ ಕಾಲು ಚಾಚಿ ಕೂತಳು. “ಇದೆಂಥ, ಕೂತ್ಕೊಂಡೇ ಡ್ಯಾನ್ಸಾ?” ಎಂದು ಒಬ್ಬರು ನಕ್ಕರು. ಅವಳು ಅಭಿನಯಿಸಿದ್ದು ತಾಯಿ ತೊಟ್ಟಿಲು ತೂಗುವ ಹಾಡು. ಸ್ವಲ್ಪ ಹೊತ್ತಿಗೆ ನಕ್ಕವರೂ ಮುಂದೆ ಬಾಗಿ ನೋಡತೊಡಗಿದರು. ಮುಗಿದ ಮೇಲೆ ಎಲ್ಲರೂ ಬಂದು “ಪಾಪ, ಕಾಲು ನೋವಲ್ಲೂ ಎಷ್ಟು ಚೆನ್ನಾಗಿ ಮಾಡಿದೆ” ಎಂದು ಕೆನ್ನೆ ಸವರಿದರು. ಶಾರದಕ್ಕನ ಕೈ ಅವತ್ತೂ ಸ್ವೆಟರಿನ ಜೇಬಿನಲ್ಲೇ ಇತ್ತು. ಮುಂದಿನ ವಾರ ಡಾಕ್ಟರು, ವಿಶ್ರಾಂತಿ ಸಾಕು, ಆಪರೇಷನ್ ಬೇಡ ಎಂದರು. ದೇವರು ಕೊಟ್ಟದ್ದನ್ನು ಎಣಿಸುವಾಗ ಈಗಲೂ ಅದನ್ನು ಮೊದಲು ಎಣಿಸುತ್ತೇನೆ.

ದೀಪಾವಳಿ ಕಳೆದು ಶಾರದಕ್ಕ ತಮ್ಮ ಹಳೆಯ ಕಾಯಿಲೆಯ ಚಿಕಿತ್ಸೆಗೆಂದು ಮೈಸೂರಿನ ತಂಗಿಯ ಮನೆಗೆ ಹೊರಟರು. ಬಸ್ಸಿನ ಕಿಟಕಿಯ ಕೆಳಗೆ ನಿಂತು ದೀಪಾ ಕೇಳಿದಳು: “ಆಂಟಿ, ಅವತ್ತು ಹೇಗ್ ಮಾಡ್ದೆ? ನೀವು ಹೇಳ್ಲೇ ಇಲ್ಲ.”

“ಮಗು ನಿದ್ದೆ ಹೋಗೋ ಮೊದ್ಲೇ ತೊಟ್ಟಿಲು ನಿಲ್ಸಿದೆ. ಅವಸರ. ಕಣ್ಣು ಎರಡು ಸಲ ಜನರ ಕಡೆ ಹೋಯ್ತು. ತಿದ್ಕೋ.”

ಬಸ್ಸು ಹೊರಟಿತು. ನಾವು ಅವರನ್ನು ನೋಡಿದ್ದು ಅದೇ ಕೊನೆ; ಬೇಸಿಗೆಯ ಆರಂಭದಲ್ಲಿ ಕಾಫಿ ಹೂವಾಗುವ ಮೊದಲೇ, ತೀರಿಕೊಂಡರೆಂದು ಮೈಸೂರಿನಿಂದ ಸುದ್ದಿ ಬಂತು.

ಬಸ್ಸು ಹತ್ತಿಸಿದ ಆ ದಿನ ಮನೆ ಕಡೆ ನಡೆಯುತ್ತಾ ನಾನು ಬೇಜಾರಿನಲ್ಲಿ, “ಹೋಗುವಾಗ ಒಂದು ಒಳ್ಳೆ ಮಾತು ಆಡ್ಬಾರ್ದಿತ್ತಾ?” ಎಂದೆ. ದೀಪಾಳ ಮುಖದಲ್ಲಿ ಬೇಜಾರು ಇರಲೇ ಇಲ್ಲ.

“ಎಲ್ರೂ ಪಾಪ ಅಂದ್ರಮ್ಮ. ಅವ್ರೊಬ್ರೇ ನಾಟ್ಯ ನೋಡಿ ನನ್ನ ತಪ್ಪು ಹೇಳಿದ್ದು.”